ಮೆಟ್ಟಿಲಡಿಯ ಅನಿಲ ಡಬ್ಬಿ: ಲೆಕ್ಕಕ್ಕೆ ಬಾರದ ಅಪಾಯ

ಕಳೆದ ವರ್ಷಾಂತ್ಯದ ದಾಸ್ತಾನು ಪರಿಶೀಲನೆಯ ಸಂದರ್ಭದಲ್ಲಿ, ಚಾರಣ ಸಾಮಗ್ರಿ ಮಾರುವ ವರ್ತಕರೊಬ್ಬರ ಪುಸ್ತಕದಲ್ಲಿದ್ದ 48 ಅನಿಲ ಡಬ್ಬಿಗಳು ಅಂಗಡಿಯಲ್ಲಿ ಕಾಣಲಿಲ್ಲ. ವಿಚಾರಿಸಲಾಗಿ, ಅವು ಅವರ ಮನೆಯ ಮೆಟ್ಟಿಲಡಿಯಲ್ಲಿ, ಇನ್ವರ್ಟರಿನ ಪಕ್ಕದಲ್ಲಿದ್ದವು. "ಚಿಕ್ಕ ಡಬ್ಬಿ ತಾನೆ?" ಎಂದರು.

ಡಬ್ಬಿ ಚಿಕ್ಕದಾದರೂ ಒಳಗಿನ ವಸ್ತುವಿನ ಗುಣ ಚಿಕ್ಕದಲ್ಲ. ಬ್ಯುಟೇನ್ ಅನಿಲವು ಗಾಳಿಗಿಂತ ಸುಮಾರು ಎರಡು ಪಟ್ಟು ಭಾರ. ಸೋರಿದರೆ ಮೇಲೇರಿ ಚದುರದೆ ತಗ್ಗಿನಲ್ಲಿ ಶೇಖರಗೊಳ್ಳುತ್ತದೆ. ಗಾಳಿಯಲ್ಲಿ ಶೇಕಡಾ 2ರಷ್ಟು ಬೆರೆತರೂ ಒಂದು ಕಿಡಿ ಸಾಕು. ಆದುದರಿಂದ ನೆಲಮಾಳಿಗೆ, ಮುಚ್ಚಿದ ಕಪಾಟು, ಅಡಿಗೆಮನೆ ಇವು ಸಲ್ಲವು. ಬಿಸಿಲು ತಾಗದ, ಗಾಳಿಯಾಡುವ, ವಾಸದ ಕೋಣೆಗಳಿಂದ ಹೊರಗಿನ ತಾಣದಲ್ಲಿ ಮುಚ್ಚಳವಿಟ್ಟು ನೇರವಾಗಿ ನಿಲ್ಲಿಸಿಡಬೇಕು. 50 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖ ಸಲ್ಲದೆಂಬ ಎಚ್ಚರಿಕೆ ಡಬ್ಬಿಗಳ ಮೇಲೆಯೇ ಮುದ್ರಿತವಾಗಿರುತ್ತದೆ; ಬಿಸಿಲಿನಲ್ಲಿ ನಿಂತ ಕಾರಿನ ಒಳಭಾಗ ಆ ಮಿತಿಯನ್ನು ಮೀರಬಲ್ಲದು. ಖಾಲಿಯೆಂದು ತೋರುವ ಡಬ್ಬಿಯಲ್ಲಿಯೂ ಅನಿಲ ಉಳಿದಿರುತ್ತದೆ.

ಇನ್ನು ಲೆಕ್ಕಿಗನ ಮಾತು. ವಿಮೆಯು ಪರಮ ವಿಶ್ವಾಸದ ಒಪ್ಪಂದ. ವಿಮಾಪತ್ರದಲ್ಲಿ ನಮೂದಾದ ಸ್ಥಳ ಅಂಗಡಿ. ಸರಕು ಇರುವುದು ಮನೆಯಲ್ಲಿ. ಅನಾಹುತವಾದರೆ ಪರಿಹಾರದ ಕೋರಿಕೆ ನಿಲ್ಲುವುದು ಕಷ್ಟ. ಮೇಲಾಗಿ, ಸುಟ್ಟ ಸರಕಿನ ಇನ್‌ಪುಟ್ ತೆರಿಗೆ ಜಮೆಯನ್ನು ಕೇಂದ್ರ ಜಿ.ಎಸ್.ಟಿ. ಕಾಯಿದೆಯ 17(5)(ಎಚ್) ಕಲಮಿನನ್ವಯ ಹಿಂತಿರುಗಿಸಬೇಕು.

ವರ್ತಕ ಬಾಂಧವರು ಒಮ್ಮೆ ತಮ್ಮ ಮೆಟ್ಟಿಲಡಿಯನ್ನೂ ಪರಿಶೀಲಿಸುವುದು ಲೇಸು. ಮನೆಯಲ್ಲಿ ಸರಕಿಟ್ಟು ಉಳಿಸುವ ಗೋದಾಮಿನ ಬಾಡಿಗೆ ಅತ್ಯಲ್ಪ. ಆ ಮೆಟ್ಟಿಲುಗಳನ್ನು ಮಕ್ಕಳು ದಿನವೂ ಹತ್ತಿಳಿಯುತ್ತಾರೆ. ಆ ನಷ್ಟವನ್ನು ಬರೆಯಲು ನಮ್ಮ ಪುಸ್ತಕಗಳಲ್ಲಿ ಯಾವ ಖಾತೆಯೂ ಇಲ್ಲ.