ಹೊಲಿಗೆಯ ಮೂಲೆ: ಚೌಕದ ತುಂಡುಗಳ ಮೇಜುಹಾಸು

ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆಗಳು ಕೌದಿಯಾಗಿ ಮರುಹುಟ್ಟು ಪಡೆಯುವುದು ಸೋದರಿಯರಿಗೆ ಹೊಸ ಸಂಗತಿಯಲ್ಲ. ಆದರೆ ಕೌದಿಯೆಂದರೆ ಬಹುದಿನದ ಬಿಡುವನ್ನು ನುಂಗುವ ಕೆಲಸ. ಅದನ್ನು ನೆನೆದೇ ಅನೇಕರು ಸೂಜಿಯನ್ನು ಕೆಳಗಿಡುವರು. ಅಂಥವರಿಗಾಗಿ ಈ ತಿಂಗಳು ಅದೇ ಜಾತಿಯ ಒಂದು ಕಿರಿಯ ವಸ್ತುವನ್ನು, ಮೇಜಿನ ನಡುವೆ ಹಾಸುವ ಹಾಸನ್ನು, ಆರಿಸಿಕೊಂಡಿದ್ದೇವೆ.

ಅಮೆರಿಕದಲ್ಲಿ ಇಂಥ ಕೆಲಸಕ್ಕೆಂದೇ ೫ ಅಂಗುಲದ ಚೌಕಗಳನ್ನು ಮೊದಲೇ ಕತ್ತರಿಸಿ, ಸಾಮಾನ್ಯವಾಗಿ ೪೨ ತುಂಡುಗಳ ಕಟ್ಟಾಗಿ ಮಾರುವರು. ಅದಕ್ಕೆ ಚಾರ್ಮ್ ಪ್ಯಾಕ್ ಎಂದು ಹೆಸರು. ಅದು ದೊರೆತರೆ ಕತ್ತರಿಯ ಶ್ರಮ ಉಳಿಯಿತು. ದೊರೆಯದಿದ್ದರೆ ದಪ್ಪ ರಟ್ಟಿನಲ್ಲಿ ೫ ಅಂಗುಲದ ಅಚ್ಚೊಂದನ್ನು ಮಾಡಿಕೊಂಡು, ಹಳೆಯ ಸೀರೆ, ರವಿಕೆಯ ಕಣ, ಅಂಗಿಗಳಿಂದ ೩೬ ಚೌಕಗಳನ್ನು ತೆಗೆದರಾಯಿತು. ಎಲ್ಲವೂ ಹತ್ತಿಯದಾಗಿರಲಿ. ರೇಷ್ಮೆಯನ್ನು ಹತ್ತಿಯೊಡನೆ ಬೆರೆಸುವುದು ನಮಗೆ ಒಪ್ಪಿಗೆಯಲ್ಲ. ಒಗೆತದಲ್ಲಿ ಎರಡರ ನಡತೆ ಬೇರೆ.

ಇಲ್ಲಿ ನಮ್ಮ ಮನೆಯ ಒಂದು ಸಂಗತಿಯನ್ನು ಹೇಳಬೇಕಾಗಿದೆ. ತಾಯಿಯವರು ತೀರಿಕೊಂಡ ಮೇಲೆ ಅವರ ಪೆಟ್ಟಿಗೆಯಲ್ಲಿ ನೀರು ಕಾಣದ ಕೆಂಪು ನೂಲಿನ ಸೀರೆಯೊಂದು ದೊರೆಯಿತು. ನೆನಪಿಗಿರಲೆಂದು ಅದರಿಂದ ೧೮ ಚೌಕಗಳನ್ನು ಕತ್ತರಿಸಿ, ಬಿಳಿಯ ಚೌಕಗಳೊಡನೆ ಚದುರಂಗದ ಮಣೆಯಂತೆ ಜೋಡಿಸಿ ಹೊಲಿದೆವು. ಮೊದಲ ಒಗೆತದಲ್ಲಿಯೇ ಕೆಂಪು ಬಿಟ್ಟು ಬಿಳಿಯೆಲ್ಲ ಮಾಸಲು ಗುಲಾಬಿಯಾಯಿತು. ಬೇರೆ ಬಟ್ಟೆಯಾಗಿದ್ದರೆ ಮತ್ತೊಂದು ಹೊಲಿಯುತ್ತಿದ್ದೆವು; ಆ ಸೀರೆ ಮತ್ತೊಂದಿರಲಿಲ್ಲ. ಕತ್ತರಿ ಹಿಡಿಯುವ ಮೊದಲು ಒಂದು ಬಕೆಟ್ ನೀರಿನಲ್ಲಿ ಅದನ್ನು ನೆನೆಯಿಸಿದ್ದರೆ ಸಾಕಾಗಿತ್ತು! ಆದುದರಿಂದ ಸೀರೆಯ ಬಟ್ಟೆಯನ್ನು, ನೀರು ತಿಳಿಯಾಗಿ ಉಳಿಯುವವರೆಗೆ, ಕತ್ತರಿಸುವ ಮುನ್ನವೇ ಒಗೆಯತಕ್ಕದ್ದು. ಕೊಂಡು ತಂದ ಚೌಕಗಳನ್ನು ಮಾತ್ರ ಒಗೆಯಬಾರದು. ಅಂಚು ಬಿಚ್ಚಿ ಅಳತೆ ಕೆಡುವುದು. ಗಾಢವಾದ ಬಣ್ಣದವನ್ನು ಒದ್ದೆಯ ಬಿಳಿ ಬಟ್ಟೆಯ ಮೇಲಿಟ್ಟು ಇಸ್ತ್ರಿಯನ್ನೊತ್ತಿ ನೋಡಿದರೆ ಅವುಗಳ ಗುಣ ತಿಳಿಯುವುದು. ಬಿಳಿಗೆ ಬಣ್ಣ ಹತ್ತಿದರೆ ಆ ಚೌಕವನ್ನು ಬಿಡುವುದೇ ಲೇಸು.

ಸಾಲಿಗೆ ೬ರಂತೆ ೬ ಸಾಲು. ಹೊಲಿಗೆಯ ಅಂಚು ಎಲ್ಲೆಡೆಯೂ ಕಾಲು ಅಂಗುಲವಿರಬೇಕು. ಆಗ ಸಾಲಿನ ಉದ್ದ ೨೭½ ಅಂಗುಲವಾಗುವುದು. ಪ್ರತಿ ಅಂಚಿನಲ್ಲಿ ಅರೆಕಾಲು (⅛) ಅಂಗುಲ ಹೆಚ್ಚು ಹಿಡಿದರೆ ಏನು ಮಹಾ ಎನ್ನಬಹುದು. ಅದು ಎರಡು ತುಂಡುಗಳಿಂದಲೂ ಹೋಗುವುದರಿಂದ ೫ ಹೊಲಿಗೆಗಳಲ್ಲಿ ೧¼ ಅಂಗುಲ ಕುಗ್ಗುವುದು. ಒಂದು ಸಾಲು ಹೀಗೆ, ಇನ್ನೊಂದು ಹಾಗೆ ಆದರೆ ಮೂಲೆಗಳು ಎಂದಿಗೂ ಕೂಡವು. ಒಂದು ಸಾಲಿನ ಅಂಚುಗಳನ್ನು ಬಲಕ್ಕೆ, ಮುಂದಿನ ಸಾಲಿನವನ್ನು ಎಡಕ್ಕೆ ಮಡಿಸಿ ಇಸ್ತ್ರಿ ಮಾಡಿದರೆ, ಸಾಲುಗಳನ್ನು ಕೂಡಿಸುವಾಗ ಗಂಟುಗಳು ಒಂದರೊಳಗೊಂದು ತಾವಾಗಿಯೇ ಕುಳಿತುಕೊಳ್ಳುವುವು.

ಒಳಪದರಕ್ಕೆ ಅರಳೆ ಬೇಡ. ಉಬ್ಬಿದ ಹಾಸಿನ ಮೇಲೆ ಕಾಫಿಯ ಲೋಟ ನೆಟ್ಟಗೆ ನಿಲ್ಲದು. ಒಗೆದು ಮೆತ್ತಗಾದ ಹಳೆಯ ಪಂಚೆಯ ಒಂದು ಪದರ ಸಾಕು, ಅದರಡಿಗೆ ಅಸ್ತರು. ಎರಡನ್ನೂ ಸುತ್ತಲೂ ೨ ಅಂಗುಲ ಹೆಚ್ಚಾಗಿ ಕತ್ತರಿಸಿ, ಮೂರನ್ನೂ ಕಚ್ಚಾ ಹೊಲಿಗೆಯಿಂದ ಬಂಧಿಸಿ, ನಡುವಿನಿಂದ ಹೊರಕ್ಕೆ ಚೌಕಗಳ ಗೆರೆಯ ಪಕ್ಕದಲ್ಲಿ ಸಾದಾ ಓಟದ ಹೊಲಿಗೆ ಹಾಕಬೇಕು. ಸುಕ್ಕು ಹೊರಗೆ ಸರಿದು ಹೋಗುವುದು. ಉತ್ತರ ಕನ್ನಡದ ಸಿದ್ದಿ ಸ್ತ್ರೀಯರ ಕ್ರಮ ಇದಕ್ಕೆ ವಿರುದ್ಧ: ಅವರು ಹಳೆಯ ಸೀರೆಯ ಮೇಲೆ ತುಂಡುಗಳನ್ನಿಟ್ಟು, ಅಂಚಿನಿಂದಾರಂಭಿಸಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುವರು. ಅಲ್ಲಿ ತುಂಡುಗಳ ಜೋಡಣೆಯೂ ಹೊಲಿಗೆಯೂ ಏಕಕಾಲದಲ್ಲಿ ಸಾಗುವುದರಿಂದ ಅದು ಸಾಧ್ಯ. ಮೂಲೆಗಳಿಗೆ ಅವರು ಮಡಿಸಿದ ಬಟ್ಟೆಯ ಹೂಗಳನ್ನಿಡುವುದು ಬಲು ಚೆನ್ನ; ನಮ್ಮ ಹಾಸಿಗೂ ಹಾಕಿದರೆ ತಪ್ಪೇನೂ ಇಲ್ಲ.

ಕೊನೆಗೆ ಹೆಚ್ಚಿನ ಬಟ್ಟೆಯನ್ನು ಸಮವಾಗಿ ಕತ್ತರಿಸಿ, ೨½ ಅಂಗುಲ ಅಗಲದ, ಕೂಡಿಸಿದಾಗ ೧೨೦ ಅಂಗುಲ ಉದ್ದವಾಗುವ ಪಟ್ಟಿಯನ್ನು ಉದ್ದಕ್ಕೆ ಇಮ್ಮಡಿಸಿ, ಮುಂಭಾಗದಿಂದ ಹೊಲಿದು, ಹಿಂದಕ್ಕೆ ತಿರುಗಿಸಿ ಕೈಯಿಂದ ಮುಗಿಸಬೇಕು. ಕಟ್ಟನ್ನು ಕೊಂಡವರಲ್ಲಿ ೬ ಚೌಕಗಳು ಉಳಿದಿರುವುವು. ಅವನ್ನು ಎಸೆಯದಿರಿ, ಎಲ್ಲಿಯಾದರೂ ಹರಿದಾಗ ತೇಪೆಗೆ ಅದೇ ಬಟ್ಟೆ ಬೇಕಾಗುವುದು.