ಫಿಲ್ಟರ್ ಬಿಚ್ಚಿರಿ, ಆದರೆ ಎಸೆಯಬೇಡಿರಿ

ಡೀಸೆಲ್ ಕಾರಿನಲ್ಲಿ ಹೊಗೆ ಫಿಲ್ಟರಿನ ಹಳದಿ ದೀಪ ಹತ್ತಿತೆಂದರೆ ಗಡಿಯ ಈಚೆಗೂ ಆಚೆಗೂ ಸಿಗುವ ಸಲಹೆ ಒಂದೇ: ‘ಆ ಡಿಪಿಎಫ್ ಕಿತ್ತ ಒಗೀರಿ ಸಾಹೇಬ್ರ, ಸಾದಾ ಪೈಪ್ ಹಾಕ್ತೀವಿ, ಗಾಡಿ ಕುದುರಿ ಹಂಗ ಓಡ್ತದ.’ ಈ ಸಲಹೆಗೆ ನನ್ನ ವಿರೋಧವಿದೆ. ಜಂಗು ತಿಂದ ಫಿಲ್ಟರನ್ನು ಮನೆಯಲ್ಲೇ ಬಿಚ್ಚುವುದು ಬೇರೆ, ಅದಿಲ್ಲದೆ ಗಾಡಿ ಓಡಿಸುವುದು ಬೇರೆ.

2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ಡೀಸೆಲ್ ಕಾರುಗಳಿಗೆ ಈ ಡಬ್ಬಿ ಬಂತು. ಒಳಗೆ ಜೇನುಹುಟ್ಟಿನಂಥ ಪಿಂಗಾಣಿ ಜಾಲರಿ. ಮಸಿ ಅದರಲ್ಲಿ ನಿಂತು, ಸುಮಾರು 600 ಡಿಗ್ರಿ ಕಾವಿಗೆ ಸುಟ್ಟುಹೋಗುತ್ತದೆ. ಆ ಕಾವಿಗೆ ಹೆದ್ದಾರಿಯ ಮೇಲೆ ಹದಿನೈದಿಪ್ಪತ್ತು ನಿಮಿಷ ಒಂದೇ ಸಮನೆ ಓಡಬೇಕು. ನಮ್ಮ ಗಾಡಿಗಳೋ, ಮನೆಯಿಂದ ಹೊಲಕ್ಕೆ, ಹೊಲದಿಂದ ಅಡತಿ ಅಂಗಡಿಗೆ. ಎಂಜಿನ್ ಕಾಯುವುದರೊಳಗೆ ಇಳಿದಿರ್ತೀವಿ. ಮಸಿ ಉಳಿಯುತ್ತದೆ, ಹೊಗೆಯ ನೀರಾವಿ ತಣ್ಣಗಾಗಿ ಕೊಳವೆಗೆ ಒಳಗಿಂದ ಜಂಗು ಹಿಡಿಯುತ್ತದೆ. ಕಾಸರಗೋಡಿನವರಿಗೆ ಕಡಲ ಗಾಳಿಯ ಕಾಟ ಬೇರೆ.

ಆದ್ದರಿಂದ ಮೊದಲು ಗಾಡಿಯನ್ನು ಹೆದ್ದಾರಿಗೆ ಒಯ್ದು ಓಡಿಸಿ ನೋಡ್ರಿ. ದೀಪ ಆರಿದರೆ ಪಾನಾ ಮುಟ್ಟುವ ಕೆಲಸವಿಲ್ಲ. ಆರದಿದ್ದರೆ ಬಿಚ್ಚಬೇಕಾದೀತು. ಫಿಲ್ಟರ್ ಎಂಜಿನ್ನಿಗೆ ಅಂಟಿಕೊಂಡು ಟರ್ಬೋ ಪಕ್ಕದಲ್ಲಿದ್ದರೆ ಅದು ಮನೆಯ ಕೆಲಸವಲ್ಲ. ಗಾಡಿಯ ಅಡಿಗಿದ್ದರೆ ಆದೀತು. ರಾತ್ರಿಯಿಡೀ ತಣ್ಣಗಾಗಲು ಬಿಡ್ರಿ, ಬ್ಯಾಟರಿಯ ನೆಗೆಟಿವ್ ತೆಗೀರಿ. ಜಾಕ್ ಇರುವುದು ಎತ್ತಲಿಕ್ಕೆ. ಕೆಳಗೆ ತೂರಬೇಕಾದರೆ ಗಟ್ಟಿ ಸ್ಟ್ಯಾಂಡ್ ಬೇಕು. ಕಲ್ಲು, ಇಟ್ಟಿಗೆ ಇಟ್ಟು ಕೆಳಗೆ ಮಲಗುವುದು ಸಾವಿನ ಜೊತೆ ಜೂಜಾಟ. ನಟ್ಟುಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಜಂಗು ಬಿಡಿಸುವ ಎಣ್ಣೆ ಹಾಕಿ, ಮುಂಜಾನೆ ಇನ್ನೊಮ್ಮೆ ಹಾಕಬೇಕು. ಆರು ಮೂಲೆಯ ಸಾಕೆಟ್ಟೇ ಹಿಡಿಯಬೇಕು. ಸ್ವಲ್ಪ ಅಲುಗಿತೋ, ಹಿಂದಕ್ಕೆ ಮುಂದಕ್ಕೆ ತಿರುವುತ್ತ ಬಿಡಿಸಬೇಕು. ಆತುರಪಟ್ಟು ಸ್ಟಡ್ ಮುರಿದರೆ ಖರ್ಚು ಬೆಳೆಯುತ್ತದೆ. ಗ್ಯಾಸ್ ಜ್ವಾಲೆ ಹಿಡಿಯಲೇಬಾರದು, ಪಕ್ಕದಲ್ಲೇ ಡೀಸೆಲ್ ಪೈಪು, ವಾಯರು ಇರ್ತಾವ. ಸೆನ್ಸರು, ಅದರ ಸಣ್ಣ ಕೊಳವೆಗಳನ್ನು ಮೊದಲೇ ಜೋಪಾನವಾಗಿ ಬಿಡಿಸಬೇಕು. ಡಬ್ಬಿಗೆ ಸುತ್ತಿಗೆ ಬಿತ್ತೆಂದರೆ ಒಳಗಿನ ಪಿಂಗಾಣಿ ಒಡೆಯಿತೆಂದೇ ತಿಳಿಯಿರಿ.

ಕನ್ನಡಕ, ಕೈಚೀಲ, ಒಳ್ಳೆಯ ಮಾಸ್ಕ್ ಇಲ್ಲದೆ ಮುಟ್ಟಬೇಡಿರಿ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2012ರಲ್ಲೇ ಸಾರಿದೆ. ಆ ಮಸಿಯನ್ನು ಅಂಗಳದಲ್ಲಿ ಜಾಡಿಸುವುದು, ಬಾವಿಕಟ್ಟೆಯಲ್ಲಿ ನೀರು ಬಿಟ್ಟು ತೊಳೆಯುವುದು ಎರಡೂ ಸಲ್ಲ. ಎಂಜಿನ್ ಎಣ್ಣೆಯಿಂದ ಬಂದ ಬೂದಿ ಸುಡುವುದೂ ಇಲ್ಲ. ಸ್ವಚ್ಛ ಮಾಡುವ ಯಂತ್ರವಿದ್ದಲ್ಲಿಗೆ ಒಯ್ಯಬೇಕು. ಕೂಡಿಸುವಾಗ ಗ್ಯಾಸ್ಕೆಟ್, ನಟ್ಟು ಹೊಸವೇ ಇರಲಿ. ಡಬ್ಬಿಯೇ ತೂತಾಗಿದ್ದರೆ ಹೊಸ ಫಿಲ್ಟರೇ ಗತಿ.

ಇನ್ನು ಕಾಯಿದೆಯ ಮಾತು. ‘ನಮ್ಮದು ಎಂ.ಎಚ್. ಪಾಸಿಂಗ್, ಕರ್ನಾಟಕದಾಗ ಯಾರು ಕೇಳ್ತಾರ’ ಅನ್ನುವವರಿದ್ದಾರೆ. ಮೋಟಾರು ವಾಹನ ಕಾಯಿದೆ ಕೇಂದ್ರದ್ದು, ಗಡಿ ಕಲ್ಲಿಗೆ ಅದು ನಿಲ್ಲುವುದಿಲ್ಲ. 2019ರ ತಿದ್ದುಪಡಿಯಂತೆ ವಾಯುಮಾಲಿನ್ಯದ ಮಟ್ಟ ಮೀರಿದರೆ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಸಜೆ, ಅಥವಾ ಎರಡೂ. ಲೈಸೆನ್ಸಿಗೂ ಕುತ್ತು.

ಇನ್ನೊಂದು ಮಾತು ವ್ಯಾಪಾರಸ್ಥರಿಗೆ ಬೇಗ ತಿಳಿದೀತು. ಈ ಫಿಲ್ಟರಿನ ಲೇಪದಲ್ಲಿ ಪ್ಲಾಟಿನಂನಂಥ ಬೆಲೆಯುಳ್ಳ ಲೋಹವಿರುತ್ತದೆ. ‘ಪುಕ್ಕಟೆ ಬಿಚ್ಚಿ ಕೊಡ್ತೀನಿ, ಹಳೇದು ಇಲ್ಲೇ ಇರ್ಲಿ’ ಎಂಬ ಔದಾರ್ಯದ ಲೆಕ್ಕ ನೀವೇ ಹಾಕಿ ನೋಡಿರಿ. ನನ್ನ ಸಿಟ್ಟು ಗಾಡಿ ಮಾರುವವರ ಮೇಲೂ ಇದೆ. ಸಣ್ಣ ಓಟಕ್ಕೆ ಈ ಗಾಡಿ ಒಗ್ಗದೆಂದು ಮಾರುವ ದಿನವೇ ಹೇಳಬೇಕಿತ್ತು. ಜತ್ತ, ಅಕ್ಕಲಕೋಟೆಯಂಥ ತಾಲೂಕು ಊರುಗಳಲ್ಲಿ ಫಿಲ್ಟರ್ ಸ್ವಚ್ಛ ಮಾಡುವ ವ್ಯವಸ್ಥೆಯನ್ನೂ ಅವರೇ ಇಡಲಿ.