ನಮ್ಮ ಅಜ್ಜಂದಿರ ಕತೆ ಯಾರ ಬಾಯಲ್ಲಿದೆ?

2025ರ ಮೇ ತಿಂಗಳಲ್ಲಿ ಒಳಮೀಸಲಾತಿಗಾಗಿ ಪರಿಶಿಷ್ಟ ಜಾತಿಗಳ ಸಮೀಕ್ಷೆ ನಡೆಯಿತಲ್ಲ, ಆಗ ಮೊಬೈಲು ಹಿಡಿದ ಮೇಷ್ಟ್ರೊಬ್ಬರು ನಮ್ಮ ಕಾಲೋನಿಗೂ ಬಂದರು. 'ಜಾತಿ?' ಅಂದರು. 'ಎ.ಕೆ.' ಅಂದರು ನಮ್ಮ ಹುಡುಗರು. 'ಎ.ಕೆ. ಅಂದ್ರೆ ಯಾರು? ಹೊಲೆಯರೋ, ಮಾದಿಗರೋ?' ಡಿಗ್ರಿ ಮಾಡಿದ ಹುಡುಗರು ಮುಖ ಮುಖ ನೋಡಿಕೊಂಡರು. ಕೊನೆಗೆ ಒಳಗಿನಿಂದ ಅಜ್ಜಿಯೊಬ್ಬಳು ಕೂಗಿ ಹೇಳಬೇಕಾಯಿತು.

ನಾಚಿಕೆ ಆ ಹುಡುಗರದಲ್ಲ, ನಮ್ಮದು. ಆದಿ ಕರ್ನಾಟಕ, ಆದಿ ದ್ರಾವಿಡ ಅನ್ನೋದು 1920ರ ದಶಕದಲ್ಲಿ ಮೈಸೂರು ಸೀಮೆಯಲ್ಲಿ ಬೈಗುಳದ ಹೆಸರುಗಳನ್ನು ಕಿತ್ತೆಸೆದು ಹಾಕಿಕೊಂಡ ಹೆಸರು. ಈ ನೆಲಕ್ಕೆ ಮೊದಲು ಬಂದವರು ನಾವು ಎಂಬ ಚರಿತ್ರೆಯ ವಾದ ಅದರೊಳಗಿತ್ತು. ಒಂದು ಕಡೆ ಹೊಲೆಯರು, ಇನ್ನೊಂದು ಕಡೆ ಮಾದಿಗರು ಅದೇ ಹೆಸರು ಬರೆಸಿದರು. ಆಮೇಲೆ ಅದು ಸರ್ಟಿಫಿಕೇಟಿನ ಎರಡಕ್ಷರವಾಯಿತು. ವಾದ ಸತ್ತಿತು, ಅಕ್ಷರ ಉಳಿಯಿತು.

ಊರೊಳಗಿನವರಿಗೆ ಈ ಫಜೀತಿ ಇಲ್ಲ ಸ್ವಾಮಿ. ಗೌಡರ ಮನೆ ಬಾಗಿಲಿಗೆ ಹೆಳವ ಬರ್ತಾನೆ. ಎತ್ತಿನ ಮೇಲೆ ಕೂತು ಗಂಟೆ ಬಾರಿಸ್ತಾನೆ, ಅವರ ವಂಶದ ಹೆಸರುಗಳನ್ನು ಒಂದೊಂದಾಗಿ ಹೇಳಿ ಕಾಳು ಇಸ್ಕೊಂಡು ಹೋಗ್ತಾನೆ. ನಮ್ಮ ಕೇರಿಯ ಕಡೆ ಆ ಎತ್ತು ತಿರುಗಿದ್ದನ್ನು ನಾವು ಕಂಡಿಲ್ಲ.

ನಮ್ಮ ಅಜ್ಜಂದಿರ ಬಗ್ಗೆ ನಮಗೆ ಮೊದಲು ಹೇಳಿದವರು ಪುರಾಣದವರು. ಹೋದ ಜನ್ಮದ ಪಾಪ, ಕಾಮಧೇನುವನ್ನು ಕೊಂದು ತಿಂದ ಪಾಪ, ಅದಕ್ಕೇ ಊರಾಚೆ ಬಿದ್ದಿರಿ, ಅಂದರು. ನಮ್ಮವರೂ ನಂಬಿದರು. ಕತೆ ಹೇಳಿ ಕೂಲಿಯಿಲ್ಲದೆ ದುಡಿಸಿಕೊಳ್ಳುವುದು ಚಾವಟಿ ಬೀಸುವುದಕ್ಕಿಂತ ಅಗ್ಗ.

ಆಮೇಲೆ ಬಂದವರು ಬಿಳಿಯರು. ಮೆಕೆಂಜಿ ಎಂಬ ಅಧಿಕಾರಿ ಹಾಸನ ಜಿಲ್ಲೆಯ ಹೊಲೆಯರ ಬಗ್ಗೆ 1873ರಲ್ಲಿ 'ಇಂಡಿಯನ್ ಆಂಟಿಕ್ವರಿ'ಯಲ್ಲಿ ಬರೆದ. ಹೊಲಗೇರಿಯನ್ನು ಹಾದುಹೋದರೆ ಭಾಗ್ಯ ಬರುತ್ತದೆ ಎಂದು ಬ್ರಾಹ್ಮಣರು ನಂಬಿದ್ದರಂತೆ. ಆದರೆ ಕಾಲಿಟ್ಟರೆ ಕೇರಿಯೇ ಎದ್ದು ಬಂದು ಕೆರದಲ್ಲಿ ಹೊಡೀತಿತ್ತಂತೆ! ಬೇರೆ ಜಾತಿಯವನು ಅಪ್ಪಿತಪ್ಪಿ ಮನೆಯೊಳಗೆ ಬಂದರೆ ಅವನ ಬಟ್ಟೆ ಹರಿದು, ಮೂಲೆಗೆ ಉಪ್ಪು ಕಟ್ಟಿ ಆಚೆಗೆ ದಬ್ಬುತ್ತಿದ್ದರಂತೆ, ಮನೆಯ ಭಾಗ್ಯ ಅವನ ಹಿಂದೆ ಹೋಗದಿರಲಿ ಎಂದು. ಮೈಲಿಗೆ ಅಂದರೆ ಅವರು ನಮ್ಮನ್ನು ಮುಟ್ಟದಿರುವುದು ಅಂತ ಮಾತ್ರ ಕಲಿತಿದ್ದ ನಮಗೆ, ನಮ್ಮವರೂ ಬಾಗಿಲು ಹಾಕಿಕೊಂಡಿದ್ದರು ಅಂತ ಗೊತ್ತಾದದ್ದು ಒಬ್ಬ ದೊರೆಯ ಬರಹದಿಂದ. ಆತನಿಗೆ ಅದೊಂದು ವಿಚಿತ್ರ ಆಚಾರ, ಅಷ್ಟೆ.

ಅದೇ ಸಂಗತಿಯನ್ನು ಬಾಬಾಸಾಹೇಬರು 1948ರ ತಮ್ಮ 'ದಿ ಅನ್‌ಟಚಬಲ್ಸ್' ಪುಸ್ತಕದಲ್ಲಿ ಎತ್ತಿಕೊಂಡರು. ಅವರ ಕಣ್ಣಿಗೆ ಅದು ವಿಚಿತ್ರವಲ್ಲ, ಹಳೆಯ ಹಗೆಯ ಗಾಯದ ಗುರುತು. ಸೋತು ಚದುರಿದ ಬುಡಕಟ್ಟುಗಳ ಜನ, ಬುದ್ಧನನ್ನು ಬಿಡದವರು, ದನದ ಮಾಂಸ ಬಿಡದವರು ಅಸ್ಪೃಶ್ಯರಾದರು, ಅದು ಸುಮಾರು ಕ್ರಿ.ಶ. 400ರ ಹೊತ್ತಿಗೆ ಎಂದರು. ಬರಹದ ಸಾಕ್ಷಿ ಇಲ್ಲದ ಕಡೆ ಕಲ್ಪನೆಯನ್ನೂ ಬಳಸಬೇಕಾಯಿತು ಎಂದು ಮುನ್ನುಡಿಯಲ್ಲಿ ಅವರೇ ಹೇಳಿಕೊಂಡಿದ್ದಾರೆ. ಅವರ ಫೋಟೋಗೆ ಹಾರ ಹಾಕುವ ನಮ್ಮ ಮುಂದಾಳುಗಳು ಆ ಮುನ್ನುಡಿ ಓದಿದ್ದಾರೋ ಇಲ್ಲವೋ! ಓದಿದ್ದರೆ ಅವರ ವಾದವನ್ನು ವೇದ ಮಾಡುತ್ತಿರಲಿಲ್ಲ, ಮುಂದಕ್ಕೆ ಹುಡುಕುತ್ತಿದ್ದರು.

ಹುಡುಕೋದು ಎಲ್ಲಿ? ಮೊದಲು ಮನೆಯಲ್ಲಿ. ಮೆಕೆಂಜಿ ಕುಳವಾಡಿಯ ವಿಷಯವನ್ನೂ ಬರೆದಿದ್ದಾನೆ. ಎಲ್ಲೆಯ ಜಗಳ ಬಂದರೆ ಹೊಲೆಯರ ಕುಳವಾಡಿ ಊರಿನ ಮಣ್ಣಿನ ಉಂಡೆ ತಲೆ ಮೇಲೆ ಹೊತ್ತು ಗಡಿ ನಡೀಬೇಕು. ಸರಿಯಾಗಿ ನಡೆದರೆ ಸರಿ. ತಪ್ಪಿದರೆ ಉಂಡೆ ತಾನೇ ಒಡೆಯುತ್ತದೆ, ಹದಿನೈದು ದಿನದೊಳಗೆ ಅವನು ಸಾಯುತ್ತಾನೆ ಎಂಬ ನಂಬಿಕೆ. ನಮ್ಮ ಕೆಲವು ಅಣ್ಣಂದಿರು ಇದನ್ನು ಓದಿದ್ದೇ ತಡ, 'ನೋಡಿ, ನಾವೇ ಈ ನೆಲದ ಒಡೆಯರಾಗಿದ್ದೆವು' ಅಂತ ಭಾಷಣ ಬಿಗಿದರು. ಇನ್ನು ಕೆಲವರು ಒಂದು ರಾಜವಂಶವನ್ನೇ ಹುಡುಕಲು ಹೊರಟಿದ್ದಾರೆ. ಕುಳವಾಡಿಕೆ ಮಾಡಿದವನ ಹೆಂಡತಿಯನ್ನು ಕೇಳಿದೆವು. ಅವಳಂದದ್ದು ಇಷ್ಟು: 'ಊರಿನ ಗಡಿ ಎಲ್ಲ ನಿಮ್ ತಾತನ ಕಾಲಿಗೆ ಗೊತ್ತಿತ್ತು ಕಣ್ರಪ್ಪ. ಗಡಿ ಒಳಗೆ ಅವನ್ದು ಅಂತ ಒಂದು ಗುಂಟೆ ಇರ್ನಿಲ್ಲ. ಗಡಿ ತೋರ್ಸಿ ಬಂದು ಗೌಡ್ರ ಹಟ್ಟಿ ಬಾಗ್ಲಲ್ಲಿ ಬೊಗಸೆ ಒಡ್ಕಂಡು ನಿಂತ್ಕತಿದ್ದ.'

ದೊರೆ ಮಣ್ಣಿನುಂಡೆ ಕಂಡ, ಬೊಗಸೆ ಕಾಣಲಿಲ್ಲ. ಪುರಾಣದವನು ಬೊಗಸೆ ಕಂಡ, ಮಣ್ಣಿನುಂಡೆಯನ್ನು ಮುಚ್ಚಿಟ್ಟ. ಎರಡನ್ನೂ ಹೇಳಿದವಳಿಗೆ ಓದು ಬರುವುದಿಲ್ಲ.

ಇಲ್ಲಿಗೇ ನಿಲ್ಲಿಸಿದರೆ ನಮಗೆ ಸುಖ. ಆದರೆ ನಮ್ಮಲ್ಲಿ ಹೊಲೆಯರೂ ಇದ್ದೇವೆ, ಮಾದಿಗರೂ ಇದ್ದೇವೆ, ಹೇಳಲೇಬೇಕು. ಹೆಳವ ಬರಲಿಲ್ಲ ಅಂತ ಅತ್ತೆವಲ್ಲ, ಮಾದಿಗರಿಗೆ ಅವರದೇ ಕತೆಗಾರರಿದ್ದಾರೆ: ದಕ್ಕಲಿಗರು, ಮಾದಿಗರ ಹಳೆಮಕ್ಕಳು. ಜಾಂಬವ ಪುರಾಣ ಅವರ ಬಾಯಲ್ಲಿದೆ. ಜಾಂಬವಂತ ಭೂಮಿಗಿಂತ ಆರು ತಿಂಗಳು ಮೊದಲು ಹುಟ್ಟಿದವನು, ದೇವರುಗಳಿಗೇ ಹಿರಿಯ. ಪಾಪದ ಕತೆಗೆ ಇದಕ್ಕಿಂತ ಒಳ್ಳೆಯ ಜವಾಬು ಯಾವ ಪಂಡಿತ ಕೊಟ್ಟಾನು? ಇಂಥವರನ್ನು ಮಾದಿಗರು ಎಲ್ಲಿಟ್ಟರು? ಕೇರಿಯಿಂದಾಚೆ. ಮುಟ್ಟಿದರೆ ಮೈಲಿಗೆ. 101 ಜಾತಿಗಳ ಪಟ್ಟಿಯಲ್ಲಿ ನಮ್ಮ ಪಾಲು ಎಷ್ಟು ಎಂದು ಲೆಕ್ಕ ಹಾಕುವ ನಮ್ಮ ಸಭೆಗಳಲ್ಲಿ, ಹೊಲೆಯರದಾಗಲಿ ಮಾದಿಗರದಾಗಲಿ, ದಕ್ಕಲಿಗನೊಬ್ಬ ವೇದಿಕೆ ಮೇಲೆ ಕೂತದ್ದನ್ನು ನಾವು ಕಂಡಿಲ್ಲ. ನಮ್ಮ ಚರಿತ್ರೆಯನ್ನು ಮೇಲ್ಜಾತಿ ಕದ್ದಿತು ಅಂತ ಕೂಗುವ ಗಂಟಲು ಇಲ್ಲಿ ಯಾಕೆ ಕಟ್ಟುತ್ತದೆ?

ಕಳೆದ ಸುಗ್ಗಿಯಲ್ಲಿ ದಕ್ಕಲಿಗ ಮುದುಕನೊಬ್ಬ ಬಂದು ಮಾದಿಗೇರಿಯಾಚೆ ಹುಣಸೆಮರದ ಕೆಳಗೆ ಇಳಿದ. ನಾವು ನಾಲ್ಕು ಜನ ಹೋಗಿ, 'ಮನೆಗೆ ಬಾ ತಾತ, ಒಳಗೆ ಕೂತು ಕತೆ ಹೇಳು' ಎಂದು ಕರೆದೆವು. ಅವನು ಮೇಲೇಳಲಿಲ್ಲ. 'ಬ್ಯಾಡಿ ಬುದ್ಧಿ, ನಿಮ್ ಹಿರೀಕ್ರು ಒಪ್ಪಾಕಿಲ್ಲ' ಅಂದ.

ಬುದ್ಧಿ ಅಂದ. ಗೌಡರ ಬಾಗಿಲಲ್ಲಿ ನಿಂತು ನಮ್ಮ ತಾತಂದಿರು ಅಂದದ್ದು ಅದೇ ಮಾತು. ಅವನು ಹೇಳಿದ ಹಿರೀಕರು ನಮ್ಮ ಅಪ್ಪಂದಿರು. ಆ ಸಂಜೆ ಅವರನ್ನೇ ಕೂರಿಸಿಕೊಂಡು ಕೇಳಿದೆವು. ಜಗಳ ಇನ್ನೂ ಮುಗಿದಿಲ್ಲ.